ಯಾರನ್ನು ನಂಬಿ ಒಲೆ ಹಚ್ಚುವುದು?

(ಬಸವನಗುಡಿಯ ವಾಚನಾಲಯವೊಂದರಲ್ಲಿ ಓದುಗರ ಎದುರು ಆಡಿದ ಮಾತುಗಳನ್ನು ತುಸು ತಿದ್ದಿ ಬರೆದದ್ದು)

ಸಭೆಗೆ ನಮಸ್ಕಾರ. ಟಿವಿಯಲ್ಲಿ ಅಡುಗೆ ಮಾಡಿ ತೋರಿಸುವವರಲ್ಲಿ, ಅಡುಗೆಯ ಪುಸ್ತಕ ಬರೆದವರಲ್ಲಿ ನಿಮ್ಮ ಮೆಚ್ಚಿನವರು ಯಾರು, ಅವರ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದರು. ಹೆಸರುಗಳನ್ನು ಖಂಡಿತ ಹೇಳುತ್ತೇನೆ; ಆದರೆ ಮೆಚ್ಚುಗೆಗೆ ಒಂದು ಎಲ್ಲೆ ಹಾಕಿಕೊಂಡು ಹೇಳುತ್ತೇನೆ. ಬಾಯಲ್ಲಿ ನೀರೂರಿಸುವಂತೆ ಬರೆಯುವವರು, ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದಂತೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಅವರು ಇಂದಿನ ವಿಷಯವಲ್ಲ. ಎಂದೂ ಮಾಡಿರದ ಪದಾರ್ಥವೊಂದನ್ನು, ಕೆಲಸ ಮುಗಿಸಿ ಮನೆಗೆ ಬಂದ ಸಂಜೆ, ಇರುವ ಪಾತ್ರೆಯಲ್ಲೇ, ಇರುವ ಒಲೆಯ ಮೇಲೆ ಮಾಡಹೊರಟವರಿಗೆ ಊಟ ಕೆಡದಂತೆ ದಾರಿ ತೋರಿಸಿದವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ. ಅಡುಗೆ ಬಲ್ಲವರಿಗೆ ಅಡುಗೆ ಹೇಳಿಕೊಡುವುದು ಸುಲಭ. ಬಾರದವರು ಎಲ್ಲಿ ಎಡವುತ್ತಾರೆ ಎಂಬುದನ್ನು ಮೊದಲೇ ಊಹಿಸಿ, ಆ ಜಾಗದಲ್ಲಿ ಒಂದು ವಾಕ್ಯವನ್ನು ಹೆಚ್ಚಾಗಿ ಬರೆದವರು ನನ್ನ ಮಟ್ಟಿಗೆ ದೊಡ್ಡವರು.

ಅಡುಗೆಯ ಬರಹಕ್ಕೆ ನಮ್ಮಲ್ಲಿ ಸಾವಿರ ವರ್ಷದ ಹಿನ್ನೆಲೆಯಿದೆ. 11ನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಮಳೆ, ಮರಗಿಡ, ವೈದ್ಯ ಮುಂತಾದವುಗಳ ಜೊತೆಗೆ ಪಾಕದ ಮಾತೂ ಬರುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಊಟವನ್ನು ಅರಸನ ಭೋಗಗಳಲ್ಲಿ ಒಂದಾಗಿ ಎಣಿಸಿ ವಿಸ್ತಾರವಾಗಿ ವರ್ಣಿಸುತ್ತದೆ. 16ನೆಯ ಶತಮಾನದ ಆರಂಭಕ್ಕೆ ಸೇರಿದ ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ ಎಂಬ ಇಡೀ ಕೃತಿಯನ್ನು ಷಟ್ಪದಿಯಲ್ಲಿ ಬರೆದ. ಇವೆಲ್ಲ ಹೆಮ್ಮೆಪಡಬೇಕಾದ ಕೃತಿಗಳೇ; ಆದರೆ ಹೊಸದಾಗಿ ಒಲೆ ಹಚ್ಚುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವಲ್ಲ. ಅರಮನೆಯಲ್ಲಿ ಬಾಣಸಿಗರಿದ್ದರು, ಮನೆಯಲ್ಲಿ ಅಜ್ಜಿ, ಅತ್ತೆ, ಅತ್ತಿಗೆಯರಿದ್ದರು. ಎಷ್ಟು ಉಪ್ಪು, ಎಷ್ಟು ಹೊತ್ತು ಎಂಬುದನ್ನು ಪಕ್ಕದಲ್ಲಿ ನಿಂತವರು ಹೇಳುತ್ತಿದ್ದುದರಿಂದ ಕವಿ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಮಾತ್ರೆಗಳ ಲೆಕ್ಕ ತಪ್ಪದಂತೆ ಪದ ಹೊಂದಿಸುವವನಿಗೆ ಅಕ್ಕಿಯ ಲೆಕ್ಕ ಹೇಳುವಷ್ಟು ಜಾಗವೂ ಷಟ್ಪದಿಯಲ್ಲಿ ಸಿಗಲಾರದೇನೋ.

ಪಕ್ಕದಲ್ಲಿ ನಿಂತು ಹೇಳುವವರು ಇಲ್ಲವಾದಾಗಲೇ ನಾವು ಇಂದು ತಿಳಿದಿರುವ ಅಡುಗೆ ಪುಸ್ತಕ ಹುಟ್ಟಿದ್ದು. ಮದುವೆಯಾದ ಹೆಣ್ಣುಮಕ್ಕಳು ಗಂಡನ ನೌಕರಿಯ ಹಿಂದೆ ಬೊಂಬಾಯಿಗೆ, ದೆಹಲಿಗೆ ಹೋದರು. ಅಲ್ಲಿ ಅತ್ತೆಯೂ ಇಲ್ಲ, ಅಮ್ಮನೂ ಇಲ್ಲ, ತಿಂಗಳಿಗೊಂದು ಕಾಗದವೇ ಗತಿ. ಮದ್ರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ತಮಿಳಿನಲ್ಲಿ ಹೊರತಂದ ‘ಸಮೈತ್ತು ಪಾರ್’ ಇಂಥ ಕಾಗದಗಳಿಂದಲೇ ಬೆಳೆದ ಪುಸ್ತಕವೆನ್ನಬಹುದು. ಬಂಧುಬಳಗದ ಹುಡುಗಿಯರು ಮತ್ತೆ ಮತ್ತೆ ಬರೆದು ಕೇಳುತ್ತಿದ್ದುದನ್ನು ಕಂಡು, ಇದನ್ನೆಲ್ಲ ಪುಸ್ತಕ ಮಾಡು ಎಂದು ಅವರ ಹಿರಿಯ ಬಂಧುವೊಬ್ಬರು ಹೇಳಿದರೆಂಬುದು ಪ್ರಸಿದ್ಧ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಹೆಂಗಸೊಬ್ಬರು ಆ ಕಾಲದಲ್ಲಿ ಪುಸ್ತಕ ಬರೆದು ಪ್ರಕಟಿಸಿದ್ದೇ ದೊಡ್ಡ ಮಾತು. ಇಂಗ್ಲಿಷಿನಲ್ಲಿ ‘ಕುಕ್ ಅಂಡ್ ಸೀ’ ಎಂಬ ಹೆಸರಿನಿಂದ ಬಂದ ಅದರ ಸಂಪುಟಗಳನ್ನು ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಅನೇಕ ಮನೆಗಳಲ್ಲಿ ಅರಿಸಿನದ ಕಲೆಗಳ ಸಮೇತ ಇಂದಿಗೂ ಕಾಣಬಹುದು.

ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ, ಮತ್ತು ಅದಕ್ಕೆ ಕಾರಣ ಅವರ ಕೈರುಚಿಯಲ್ಲ. ಅವರ ಸಾಂಬಾರು ನಮ್ಮ ಹುಳಿಯಲ್ಲ. ತೆಂಗಿನಕಾಯಿ, ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ ಹುರಿದು ರುಬ್ಬಿ, ಒಂದು ಚೂರು ಬೆಲ್ಲ ಹಾಕಿ ಕುದಿಸುವ ಹಳೇ ಮೈಸೂರಿನ ಕಡೆಯವರಿಗೆ ಅದು ಬೇರೆಯವರ ಮನೆಯ ಊಟವೇ. ಆದರೂ ಆ ಪುಸ್ತಕ ತೆರೆದು ಮಾಡಿದರೆ ಅವರ ಮನೆಯ ಸಾಂಬಾರು ನಮ್ಮ ಮನೆಯಲ್ಲಿ ಬರುತ್ತದೆ. ಏನು ಬೇಕು, ಎಷ್ಟು ಬೇಕು ಎಂಬುದು ಮೊದಲು. ಯಾವುದರ ನಂತರ ಯಾವುದು ಎಂಬುದು ಆಮೇಲೆ. ಆ ಕ್ರಮದಲ್ಲಿ ಒಂದು ಹೆಜ್ಜೆಯನ್ನೂ ಓದುವವರಿಗೆ ಗೊತ್ತಿರುತ್ತದೆ ಎಂದು ಬಿಟ್ಟುಬಿಡುವುದಿಲ್ಲ. ಮೊದಲಿಗೆ ಅವರ ಲೆಕ್ಕವಿದ್ದದ್ದು ಆಳಾಕು ಎಂಬ ಹಳೆಯ ಅಳತೆಯಲ್ಲಿ. ಪಾವು, ಚಟಾಕು, ಸೇರು ಎಂದು ಅಳೆದು ಬೆಳೆದವರಿಗೆ ಆಗ ಅದು ಕಷ್ಟವಾಗಿರಲಾರದು. ಇಂದಿನವರಿಗೆ ಅಳತೆಯನ್ನು ಪರಿವರ್ತಿಸಿಕೊಳ್ಳುವ ತೊಂದರೆ ಇದೆ ನಿಜ, ಆದರೆ ಒಮ್ಮೆ ಆಳಾಕಿನ ಜಾಗದಲ್ಲಿ ನಿಮ್ಮ ಮನೆಯ ಒಂದು ಲೋಟವನ್ನು ಇಟ್ಟುಕೊಂಡರೆ ಪ್ರಮಾಣಗಳು ಎಲ್ಲೂ ಕೈಕೊಡುವುದಿಲ್ಲ.

ಕಾಗದದ ಮೂಲಕ ಅಡುಗೆ ಕಲಿತ ಇನ್ನೊಬ್ಬರೆಂದರೆ ಮಧುರ್ ಜಾಫ್ರಿ. ದೆಹಲಿಯ ಮನೆಯಲ್ಲಿ ಅಡುಗೆಮನೆಗೆ ಕಾಲಿಡದೆ ಬೆಳೆದ ಅವರು ನಾಟಕದ ವಿದ್ಯಾಭ್ಯಾಸಕ್ಕೆಂದು 1950ರ ದಶಕದಲ್ಲಿ ಲಂಡನ್ನಿಗೆ ಹೋಗಿ, ಅಲ್ಲಿಯ ಊಟ ಒಗ್ಗದೆ ಅಮ್ಮನಿಗೆ ಬರೆದರು. ಅಮ್ಮ ಬರೆದು ಕಳಿಸಿದ ವಿಧಾನಗಳನ್ನು ಓದಿ ಓದಿ ಅಡುಗೆ ಕಲಿತರು. 1973ರಲ್ಲಿ ಮೊದಲ ಪುಸ್ತಕ, 1982ರಲ್ಲಿ ಬಿಬಿಸಿಯ ಕಾರ್ಯಕ್ರಮ. ತಾನೇ ಏನೂ ಬಾರದ ಸ್ಥಿತಿಯಿಂದ ಹೊರಟದ್ದರಿಂದಲೇ, ಈರುಳ್ಳಿ ಯಾವ ಬಣ್ಣಕ್ಕೆ ಬಂದಾಗ ಮುಂದಿನದನ್ನು ಹಾಕಬೇಕು ಎಂಬಂಥ ಕಡೆ ಅವರು ಅವಸರ ಮಾಡುವುದಿಲ್ಲ. ಈರುಳ್ಳಿಯ ವಿಷಯದಲ್ಲಿ ಅಡುಗೆ ಪುಸ್ತಕಗಳು ಹೇಳುವಷ್ಟು ಸುಳ್ಳು ಬೇರೆಲ್ಲೂ ಹೇಳುವುದಿಲ್ಲ. ಐದು ನಿಮಿಷದಲ್ಲಿ ಕಂದು ಬಣ್ಣಕ್ಕೆ ಬರುತ್ತದೆ ಎಂದು ಬರೆದಿರುತ್ತಾರೆ. ಅದು ಮೆತ್ತಗಾಗುವುದಕ್ಕೇ ಅಷ್ಟು ಹೊತ್ತು ಬೇಕು, ಸರಿಯಾಗಿ ಕಂದಾಗಲು ಇಪ್ಪತ್ತು ನಿಮಿಷವಾದರೂ ಬೇಕು.

ಮರಾಠಿಯಲ್ಲಿ ಕಮಲಾಬಾಯಿ ಓಗಲೆ 1970ರಲ್ಲಿ ಬರೆದ ‘ರುಚಿರಾ’ವನ್ನು ಬೆಳಗಾವಿ ಕಡೆಯ, ಮರಾಠಿ ಓದಬಲ್ಲ ಮನೆಗಳವರು ಇದೇ ಕಾರಣಕ್ಕೆ ಮೆಚ್ಚುತ್ತಾರೆ. ಸಾರಸ್ವತರಿಗೆ ‘ರಸಚಂದ್ರಿಕಾ’ ಇದೆ. ಇವೆರಡನ್ನೂ ಇಲ್ಲಿ ವಿಸ್ತರಿಸುವುದಿಲ್ಲ. ಒಂದೊಂದು ಸಮುದಾಯಕ್ಕೂ ಇಂಥದೊಂದು ಪುಸ್ತಕ ಇದ್ದರೆ ಮುಂದಿನ ತಲೆಮಾರಿಗೆ ಅರ್ಧ ಕೆಲಸ ಮುಗಿದಂತೆ ಎಂದಷ್ಟೇ ಹೇಳುತ್ತೇನೆ.

ತಂಗಂ ಫಿಲಿಪ್ ಅವರ ಬಗೆ ಬೇರೆ. ಮುಂಬಯಿಯ ಕೇಟರಿಂಗ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಅವರು 1960ರ ದಶಕದಲ್ಲಿ ಬರೆದ ‘ಮಾಡರ್ನ್ ಕುಕರಿ’ ವಿದ್ಯಾರ್ಥಿಗಳ ಪಠ್ಯಪುಸ್ತಕ. ಅದರಲ್ಲಿ ನೆನಪುಗಳಿಲ್ಲ, ಅಜ್ಜಿಯ ಪ್ರಸ್ತಾಪವಿಲ್ಲ, ಗ್ರಾಂ ಮತ್ತು ಮಿಲಿಲೀಟರುಗಳಿವೆ. ಓದಲು ಕೂತರೆ ಆಕಳಿಕೆ ಬರುತ್ತದೆ; ಮಾಡಲು ನಿಂತರೆ ಉಪಯೋಗಕ್ಕೆ ಬರುತ್ತದೆ. ಅಡುಗೆಯ ಬರಹದಲ್ಲಿ ಈ ಒಣತನವನ್ನು ನಾನು ಗುಣವೆಂದೇ ಎಣಿಸುತ್ತೇನೆ. ಒಂದು ಕಪ್ ಮೈದಾ ಹಗುರವಾಗಿ ತುಂಬಿದರೆ ಸುಮಾರು 120 ಗ್ರಾಂ ತೂಗುತ್ತದೆ, ಒತ್ತಿ ತುಂಬಿದರೆ 150 ಗ್ರಾಂ ದಾಟುತ್ತದೆ. ಅಮೆರಿಕದ ಕಪ್ 240 ಮಿಲಿಲೀಟರಿನ ಆಸುಪಾಸು, ನಮ್ಮಲ್ಲಿ ಮಾರುವ ಅಳತೆಯ ಕಪ್ಪುಗಳಲ್ಲಿ ಕೆಲವು 240, ಕೆಲವು 250. ಆಸ್ಟ್ರೇಲಿಯಾದ ಟೇಬಲ್ ಚಮಚ 20 ಮಿಲಿಲೀಟರಾದರೆ ಉಳಿದ ಕಡೆ ಅದು 15. ಪಲ್ಯಕ್ಕೆ ಇದರಿಂದ ಏನೂ ಆಗದು, ಕೇಕಿಗೆ ಆಗುತ್ತದೆ. ಗ್ರಾಂನಲ್ಲಿ ಬರೆದವರು ಈ ಗೊಂದಲದಿಂದ ಓದುಗರನ್ನು ಪಾರುಮಾಡುತ್ತಾರೆ.

ತರಲಾ ದಲಾಲ್ ಅವರ ಹೆಸರನ್ನು ಇಲ್ಲಿರುವ ಹೆಚ್ಚಿನವರು ನಿರೀಕ್ಷಿಸುತ್ತಿರಬಹುದು. ಪುಣೆಯಲ್ಲಿ 1936ರಲ್ಲಿ ಹುಟ್ಟಿದ ಅವರು ಮುಂಬಯಿಯ ತಮ್ಮ ಮನೆಯಲ್ಲೇ 1966ರಲ್ಲಿ ಅಡುಗೆಯ ತರಗತಿ ತೆರೆದರು. ಮೊದಲ ಪುಸ್ತಕ ಬಂದದ್ದು 1974ರಲ್ಲಿ, ಪದ್ಮಶ್ರೀ 2007ರಲ್ಲಿ. 2013ರಲ್ಲಿ ತೀರಿಕೊಳ್ಳುವ ಹೊತ್ತಿಗೆ ನೂರಕ್ಕೂ ಹೆಚ್ಚು ಪುಸ್ತಕಗಳಾಗಿದ್ದವು. ತರಗತಿ ಮೊದಲು, ಪುಸ್ತಕ ಆಮೇಲೆ ಎಂಬ ಈ ಕ್ರಮ ಗಮನಿಸಬೇಕಾದದ್ದು. ಎಂಟು ವರ್ಷ ಕಲಿಯುವವರ ಎದುರು ನಿಂತವರಿಗೆ ಯಾವ ಪ್ರಶ್ನೆ ಬರುತ್ತದೆ, ಯಾವ ಕಡೆ ಎಲ್ಲರ ಹಿಟ್ಟೂ ನೀರಾಗುತ್ತದೆ ಎಂಬುದು ಗೊತ್ತಾಗಿರುತ್ತದೆ. ಮೊಟ್ಟೆ ತಿನ್ನದ ಮನೆಗಳಿಗೆ ಮೊಟ್ಟೆಯಿಲ್ಲದ ಕೇಕು, ಓವನ್ ಇಲ್ಲದ ಮನೆಗಳಿಗೆ ಒಲೆಯ ಮೇಲಾಗುವ ತಿಂಡಿ, ಪೇಟೆಯಲ್ಲಿ ಸಿಗದ ಸಾಮಾನಿಗೆ ಸಿಗುವ ಬದಲಿ, ಹೀಗೆ ಓದುಗರ ಇಕ್ಕಟ್ಟುಗಳಿಂದಲೇ ಹೊರಟ ವಿಧಾನಗಳು ಅವರವು. ದಕ್ಷಿಣದ ಅಡುಗೆಗೆ ನಾನು ಅವರ ಬಳಿ ಹೋಗುವುದಿಲ್ಲ. ಗುಜರಾತಿನ ತಿಂಡಿಗಳಾದ ಧೋಕ್ಲಾ, ಹಾಂಡ್ವೊ, ಥೇಪ್ಲಾಗಳಿಗೆ ಬೇರೆಲ್ಲೂ ಹೋಗುವುದಿಲ್ಲ.

ಇಷ್ಟು ಪುಸ್ತಕದವರ ಮಾತು. ಟಿವಿಗೆ ಬಂದರೆ ತೊಡಕು ಇನ್ನೊಂದು ಬಗೆಯದು. ಪುಸ್ತಕ ಅಳತೆಯನ್ನು ಹೇಳಬಲ್ಲದು, ಹದವನ್ನು ತೋರಿಸಲಾರದು. ಹೋಳಿಗೆಯ ಕಣಕ ಎಷ್ಟು ಮೆತ್ತಗಿರಬೇಕು, ಹೂರಣ ಎಷ್ಟು ಗಟ್ಟಿಯಾಗಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದರೂ ಅರ್ಧ ನಿಮಿಷದ ದೃಶ್ಯಕ್ಕೆ ಅದು ಸಮನಾಗದು. ಟಿವಿ ಹದವನ್ನು ತೋರಿಸುತ್ತದೆ, ಹೊತ್ತನ್ನು ನುಂಗಿಬಿಡುತ್ತದೆ. ಬೇಳೆಯನ್ನು ಕುಕ್ಕರಿಗೆ ಹಾಕಿದವರು ಜಾಹೀರಾತು ಮುಗಿಯುವುದರೊಳಗೆ ಬೆಂದ ಬೇಳೆಯ ಇನ್ನೊಂದು ಪಾತ್ರೆಯನ್ನು ಎತ್ತಿಕೊಂಡು, ಇದನ್ನು ಮೊದಲೇ ಬೇಯಿಸಿಟ್ಟುಕೊಂಡಿದ್ದೇವೆ ಎನ್ನುತ್ತಾರೆ. ಹೆಚ್ಚುವುದು, ತುರಿಯುವುದು, ನೆನೆಸುವುದು, ಪಾತ್ರೆ ತೊಳೆಯುವುದು, ಯಾವುದೂ ಕಾಣಿಸುವುದಿಲ್ಲ. ಎಲ್ಲವೂ ಪುಟ್ಟ ಗಾಜಿನ ಬಟ್ಟಲುಗಳಲ್ಲಿ ಸಿದ್ಧವಾಗಿ ಬಂದು ಕೂತಿರುತ್ತವೆ.

ಈ ತೊಡಕನ್ನು ಬಹಳ ಹಿಂದೆಯೇ ಮೀರಿದವರು ಅಮೆರಿಕದ ಜೂಲಿಯಾ ಚೈಲ್ಡ್. ಅವರು ಇಬ್ಬರು ಫ್ರೆಂಚ್ ಗೆಳತಿಯರೊಂದಿಗೆ ಬರೆದ ಫ್ರೆಂಚ್ ಅಡುಗೆಯ ಪುಸ್ತಕ 1961ರಲ್ಲಿ ಬಂತು. ಅದು ಅಚ್ಚಾಗುವ ಮುನ್ನ ವಿಧಾನಗಳನ್ನು ಅಮೆರಿಕದಲ್ಲಿದ್ದ ಆಪ್ತರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲಿಯ ಅಂಗಡಿಗಳ ಸಾಮಾನಿನಲ್ಲಿ ಮಾಡಿಸಿ ನೋಡಿ, ಬಂದ ದೂರುಗಳನ್ನು ಓದಿ ಮತ್ತೆ ಬರೆದರು. 1963ರಲ್ಲಿ ಬಾಸ್ಟನ್ನಿನ ಟಿವಿ ಕೇಂದ್ರದಿಂದ ಅವರ ಕಾರ್ಯಕ್ರಮ ಶುರುವಾದಾಗ ದೃಶ್ಯಗಳನ್ನು ಕತ್ತರಿಸಿ ಜೋಡಿಸುವ ಅನುಕೂಲ ಕಡಿಮೆ ಇದ್ದುದರಿಂದ ನಡೆದದ್ದೆಲ್ಲ ಹಾಗೆಯೇ ಪ್ರಸಾರವಾಗುತ್ತಿತ್ತು. ಆಲೂಗಡ್ಡೆಯ ದೊಡ್ಡ ರೊಟ್ಟಿಯೊಂದನ್ನು ಬಾಣಲೆಯಲ್ಲೇ ಹಾರಿಸಿ ಮಗುಚಲು ಹೋದಾಗ ಅದರ ಒಂದು ಭಾಗ ಒಲೆಯ ಕಡೆ ಬಿತ್ತು. ಅದನ್ನು ಎತ್ತಿ ಮರಳಿ ಸೇರಿಸುತ್ತ, ಅಡುಗೆಮನೆಯಲ್ಲಿ ನೀವೊಬ್ಬರೇ ಇರುವಾಗ ಯಾರು ನೋಡುತ್ತಾರೆ ಎಂಬರ್ಥದ ಮಾತಾಡಿದರು. ಮುರಿದ ದೋಸೆಯನ್ನು ಏನು ಮಾಡಬೇಕೆಂದು ನಮ್ಮ ಟಿವಿಯಲ್ಲಿ ಹೇಳಿದವರನ್ನು ನಾನು ಕಂಡಿಲ್ಲ. ಅಲ್ಲಿ ದೋಸೆ ಮುರಿಯುವುದೇ ಇಲ್ಲ.

ಇಂಗ್ಲೆಂಡಿನ ಡೀಲಿಯಾ ಸ್ಮಿತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1998ರಲ್ಲಿ ಬಿಬಿಸಿಯಲ್ಲಿ ಬಂದ ‘ಹೌ ಟು ಕುಕ್’ ಎಂಬ ಮಾಲಿಕೆಯನ್ನು ಅವರು ಮೊಟ್ಟೆಯಿಂದ, ಮೊಟ್ಟೆ ಬೇಯಿಸುವುದು ಹೇಗೆ ಎಂಬುದರಿಂದ ಆರಂಭಿಸಿದಾಗ ಹೆಸರುವಾಸಿ ಬಾಣಸಿಗರು ಇದು ಜನರಿಗೆ ಮಾಡುವ ಅವಮಾನವೆಂದರು. ಜನರಿಗೆ ಮಾತ್ರ ಅವಮಾನವೆನ್ನಿಸಲಿಲ್ಲ. ಅವರು ಹೆಸರಿಸಿದ ಸಾಮಾನು ಅಂಗಡಿಗಳಲ್ಲಿ ಖಾಲಿಯಾಗುತ್ತಿತ್ತು, 2001ರಲ್ಲಿ ಅವರ ಹೆಸರು ಕಾಲಿನ್ಸ್ ನಿಘಂಟಿಗೂ ಸೇರಿತು. ಈ ಜಗಳದಲ್ಲಿ ನಾನು ಡೀಲಿಯಾ ಅವರ ಕಡೆ. ಕನ್ನಡದಲ್ಲಿ ಯಾರಾದರೂ ಧೈರ್ಯ ಮಾಡಿ ಒಂದು ವಾರವಿಡೀ ಅನ್ನದ ಬಗ್ಗೆಯೇ ಕಾರ್ಯಕ್ರಮ ಮಾಡಿದರೆ ಚೆನ್ನ: ಹೊಸ ಅಕ್ಕಿಗೆ ನೀರು ಕಡಿಮೆ ಏಕೆ, ಹಳೆಯ ಸೋನಾ ಮಸೂರಿಗೆ ಹೆಚ್ಚೇಕೆ, ಚಿತ್ರಾನ್ನಕ್ಕೆ ಉದುರಾಗಿ ಬರಲು ಏನು ಮಾಡಬೇಕು, ಮೊಸರನ್ನಕ್ಕೆ ಮೆತ್ತಗಾಗಲು ಏನು ಮಾಡಬೇಕು. ಇಷ್ಟು ಗೊತ್ತಿಲ್ಲದೆ ಪನೀರ್ ಬಟರ್ ಮಸಾಲಾ ಕಲಿತವರು ಈ ಊರಿನಲ್ಲಿ ಎಷ್ಟೋ ಜನ ಇದ್ದಾರೆ.

ಪನೀರ್ ಎಂದೊಡನೆ ಸಂಜೀವ್ ಕಪೂರ್ ಅವರನ್ನು ನೆನೆಯಲೇಬೇಕು. 1993ರಲ್ಲಿ ಜೀ ಟಿವಿಯಲ್ಲಿ ಆರಂಭವಾದ ‘ಖಾನಾ ಖಜಾನಾ’ ಸುಮಾರು ಹದಿನೆಂಟು ವರ್ಷ ನಡೆಯಿತು. ಹೋಟೆಲಿನ ಅಡುಗೆಮನೆಯಿಂದ ಬಂದವರಾದರೂ ಹೋಟೆಲಿನ ಗತ್ತನ್ನು ಹೊರಗೇ ಬಿಟ್ಟು ಬಂದರು ಎಂಬುದು ಅವರ ಹೆಚ್ಚುಗಾರಿಕೆ. ಹೋಟೆಲಿನ ಒಲೆಯ ಉರಿ ಮನೆಯ ಒಲೆಗಿಂತ ಎಷ್ಟೋ ಪಟ್ಟು ಜೋರು. ಅಲ್ಲಿ ಎರಡು ನಿಮಿಷದಲ್ಲಿ ಬಾಡುವ ತರಕಾರಿ ಇಲ್ಲಿ ಅಷ್ಟು ಹೊತ್ತಿಗೆ ನೀರು ಬಿಟ್ಟುಕೊಂಡು ಕೂತಿರುತ್ತದೆ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡು ಹೇಳುವ ಹೋಟೆಲಿನವರು ವಿರಳ. ಹಿಂದಿ ಅಷ್ಟಾಗಿ ಬಾರದ ಕನ್ನಡದ ಮನೆಗಳವರೂ ಉತ್ತರದ ಗ್ರೇವಿಗಳನ್ನು ಅವರಿಂದ ಕಲಿತರು, ಏಕೆಂದರೆ ಎಣ್ಣೆ ಬಿಡುವವರೆಗೆ ಹುರಿಯುವುದೆಂದರೆ ಏನೆಂದು ಕಣ್ಣಿಗೆ ಕಾಣುವಂತೆ ನಿಧಾನವಾಗಿ ತೋರಿಸಿದರು.

ನಮ್ಮವರಲ್ಲಿ ಸ್ಟಾರ್ ಸುವರ್ಣದ ‘ಬೊಂಬಾಟ್ ಭೋಜನ’ದ ಸಿಹಿಕಹಿ ಚಂದ್ರು ಅವರು ನಟರು, ನಿರ್ದೇಶಕರು, ಬಾಣಸಿಗರಾಗಿ ತರಬೇತಾದವರಲ್ಲ. ಅದೇ ಅವರ ಬಲ. ಅಡುಗೆಮನೆಗೆ ಹೋಗಲು ಅಂಜುವ ಗಂಡಸರನ್ನು, ವಯಸ್ಸಾದ ಮೇಲೆ ಒಂಟಿಯಾಗಿ ಉಳಿದವರನ್ನು ನಗಿಸುತ್ತ ಒಲೆಯ ಬಳಿ ಕರೆದೊಯ್ದವರು ಅವರು. ಅತಿಥಿಗಳನ್ನು ಮಾತಾಡಿಸುವಾಗ ನೋಡುವವರ ಪರವಾಗಿ ಪ್ರಶ್ನೆ ಕೇಳುತ್ತಾರೆ. ಮಾತಿನ ಭರದಲ್ಲಿ ಅಳತೆ ಒಮ್ಮೊಮ್ಮೆ ಸರಸರನೆ ಸಾಗಿಬಿಡುತ್ತದೆ ಎಂಬುದು ನನ್ನ ಸಣ್ಣ ತಕರಾರು. ಪೆನ್ನು ಕಾಗದ ಹಿಡಿದು ಕೂತವರಿಗೆ ಆ ವೇಗ ಹೆಚ್ಚಾಗುತ್ತದೆ. ಜೀ ಕನ್ನಡದ ‘ಒಗ್ಗರಣೆ ಡಬ್ಬಿ’ಯನ್ನೂ ಅದರ ಮುರಳಿಯವರನ್ನೂ ಜನ ಮರೆತಿಲ್ಲ, ಅಲ್ಲಿಯ ತಿಂಡಿಗಳಲ್ಲಿ ಹೆಚ್ಚಿನವು ಮನೆಯಲ್ಲಿರುವ ಸಾಮಾನಿನಲ್ಲೇ ಆಗುವಂಥವು.

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಯಾರೇ ಬರೆದಿರಲಿ, ಎಷ್ಟೇ ಪ್ರಾಮಾಣಿಕವಾಗಿ ಬರೆದಿರಲಿ, ಅದನ್ನು ನಾವು ಮಾಡುವುದು ಬೆಂಗಳೂರಿನಲ್ಲಿ. ಈ ಊರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿಯಂತೆ ನೀರು ಕುದಿಯುವ ಉಷ್ಣತೆ ಇಳಿಯುವುದರಿಂದ, ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ 97ರ ಹತ್ತಿರವೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ, ಕಾಳು ಬೇಯಲು ಕರಾವಳಿಯವರು ಬರೆದ ಹೊತ್ತು ಇಲ್ಲಿ ಸಾಲದು. ನೀರಿನ ಗುಣವೂ ಬೇರೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಬೇಳೆಯ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟನ್ನು ಇನ್ನಷ್ಟು ಬಿಗಿಮಾಡುತ್ತವೆ; ಕಾವೇರಿ ನೀರು ಬರುವ ಬಡಾವಣೆಯಲ್ಲಿ ಕರಗಿಹೋಗುವ ತೊಗರಿಬೇಳೆ ಟ್ಯಾಂಕರ್ ನೀರಿನ ಬಡಾವಣೆಯಲ್ಲಿ ಕಾಳುಕಾಳಾಗಿಯೇ ಉಳಿಯಲು ಇದೂ ಒಂದು ಕಾರಣ. ಹುಣಸೆಹಣ್ಣಿನ ಹುಳಿಯೂ ಇದೇ ಕೆಲಸ ಮಾಡುವುದರಿಂದ, ಬೇಳೆ ಪೂರ್ತಿ ಬೆಂದ ಮೇಲೆಯೇ ಹುಣಸೆರಸ ಹಾಕಿ ಎಂದು ಒತ್ತಿ ಹೇಳುವ ಬರಹಗಾರರನ್ನು ಹೆಚ್ಚು ನಂಬಬಹುದು. ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಎನ್ನುವವರು ಎಳೆಯ ಬೇಳೆ, ಮೆದುನೀರು ಇರುವ ಊರಿನವರಿರಬೇಕು.

ಕುಕ್ಕರಿನ ವಿಷಯದಲ್ಲಿ ನಮ್ಮ ಅಡುಗೆ ಸಾಹಿತ್ಯದ ದೊಡ್ಡ ದೋಷವೆಂದರೆ ಸೀಟಿಯ ಲೆಕ್ಕ. ಮೂರು ಸೀಟಿ ಕೂಗಿಸಿ ಎನ್ನುತ್ತಾರೆ. ಯಾವ ಕುಕ್ಕರು, ಎಷ್ಟು ದೊಡ್ಡದು, ಉರಿ ಎಷ್ಟು, ಒಳಗೆ ನೀರೆಷ್ಟು ಎಂಬುದರ ಮೇಲೆ ಮೂರು ಸೀಟಿ ಆರು ನಿಮಿಷವೂ ಆಗಬಹುದು, ಹದಿನೈದು ನಿಮಿಷವೂ ಆಗಬಹುದು. ಕುಕ್ಕರಿನ ಜೊತೆ ಬರುವ, ಕೊಂಡ ದಿನವೇ ಡ್ರಾಯರಿನ ತಳ ಸೇರುವ ಕೈಪಿಡಿಯನ್ನು ತೆರೆದು ನೋಡಿ. ಹಾಕಿನ್ಸ್‌ನವರ ಕೈಪಿಡಿಯಲ್ಲಿ ಪೂರ್ತಿ ಒತ್ತಡ ಬಂದ ಮೇಲೆ ಉರಿ ತಗ್ಗಿಸಿ ಇಷ್ಟು ನಿಮಿಷ ಬೇಯಿಸಿ ಎಂದು ಒಂದೊಂದು ಪದಾರ್ಥಕ್ಕೂ ಹೊತ್ತನ್ನು ಕೊಟ್ಟಿರುತ್ತಾರೆ; ಸೀಟಿ ಎಣಿಸುವ ಗೊಡವೆಯೇ ಅಲ್ಲಿಲ್ಲ. ಬರೆದವರ ಹೆಸರನ್ನು ಯಾರೂ ನೆನಪಿಡದ ಈ ಪುಸ್ತಿಕೆಗಳನ್ನು ನಾನು ನಮ್ಮ ಕಾಲದ ಅತ್ಯಂತ ಭರವಸೆಯ ಅಡುಗೆ ಪುಸ್ತಕಗಳ ಸಾಲಿಗೆ ಸೇರಿಸುತ್ತೇನೆ. ವಿಧಾನ ತಪ್ಪಿದರೆ ಗಿರಾಕಿ ಕುಕ್ಕರನ್ನೇ ದೂರುತ್ತಾನೆ ಎಂಬ ಭಯ ಅವರನ್ನು ಎಚ್ಚರವಾಗಿಟ್ಟಿರುತ್ತದೆ.

ಇಡ್ಲಿ ಹಿಟ್ಟನ್ನು ನೋಡಿ. ಎಂಟು ಗಂಟೆ ಬಿಟ್ಟರೆ ಹುದುಗುತ್ತದೆ ಎಂದು ಚೆನ್ನೈನವರು ಬರೆದದ್ದು ಅವರ ಸೆಕೆಗೆ ಸರಿ. ಇಲ್ಲಿ ಡಿಸೆಂಬರಿನ ರಾತ್ರಿ ಉಷ್ಣತೆ 15 ಡಿಗ್ರಿಯ ಸುತ್ತ ಇಳಿದಾಗ ಹನ್ನೆರಡು ಗಂಟೆಯಾದರೂ ಹಿಟ್ಟು ಮೇಲೇಳದೆ ಸುಮ್ಮನೆ ಕೂತಿರುತ್ತದೆ. ಹೀಗಿರುವಾಗ ಗಂಟೆಯ ಜೊತೆಗೆ ಗುರುತನ್ನೂ ಹೇಳಬೇಕು: ಹಿಟ್ಟು ಉಬ್ಬಿ ಹೆಚ್ಚುಕಡಿಮೆ ಇಮ್ಮಡಿಯಾಗಿರಬೇಕು, ಕಲಕಿದರೆ ಒಳಗೆಲ್ಲ ಗುಳ್ಳೆಗಳು ಕಾಣಬೇಕು, ಹದವಾದ ಹುಳಿವಾಸನೆ ಬರಬೇಕು. ಸಕ್ಕರೆ ಪಾಕದಲ್ಲಿ ಇದು ಇನ್ನೂ ಸ್ಪಷ್ಟ. ಥರ್ಮಾಮೀಟರ್ ಇಟ್ಟು ಇಷ್ಟು ಡಿಗ್ರಿಗೆ ಇಳಿಸಿ ಎಂದು ಹೊರದೇಶದ ಪುಸ್ತಕಗಳು ಹೇಳುವ ಸಂಖ್ಯೆ ಸಮುದ್ರ ಮಟ್ಟದ್ದು. ಬೆಂಗಳೂರಿನಲ್ಲಿ ಅದರಿಂದ ಸುಮಾರು ಮೂರು ಡಿಗ್ರಿ ಕಳೆಯದಿದ್ದರೆ ಪಾಕ ಏರಿಹೋಗಿ ಮೈಸೂರು ಪಾಕು ಕಲ್ಲಾಗುತ್ತದೆ. ಹೆಬ್ಬೆರಳು ತೋರುಬೆರಳುಗಳ ನಡುವೆ ನೋಡುವ ಒಂದೆಳೆ ಪಾಕ ಮಾತ್ರ ಮಂಗಳೂರಿನಲ್ಲೂ ಒಂದೆಳೆಯೇ, ಮಡಿಕೇರಿಯಲ್ಲೂ ಒಂದೆಳೆಯೇ. ಹಾಗೆಂದು ಅಳತೆ ಬೇಡ, ಕಣ್ಣಂದಾಜೇ ಸಾಕು ಎಂದು ನಾನು ಹೇಳುತ್ತಿಲ್ಲ. ಅಳತೆ ನಿಮ್ಮನ್ನು ಸರಿಯಾದ ಜಾಗದ ಹತ್ತಿರ ಬಿಡುತ್ತದೆ, ಅಲ್ಲಿಂದ ಮುಂದಕ್ಕೆ ಗುರುತು ಬೇಕು. ಎರಡನ್ನೂ ಕೊಡುವವರು ನಂಬಿಕೆಗೆ ಅರ್ಹರು.

ರುಚಿಗೆ ತಕ್ಕಷ್ಟು ಉಪ್ಪು ಎಂಬ ಮಾತನ್ನು ಎಲ್ಲರೂ ಹಾಸ್ಯ ಮಾಡುತ್ತಾರೆ. ಸಾರಿಗೆ ಆ ಮಾತು ತಪ್ಪೇನಲ್ಲ, ರುಚಿ ನೋಡಿ ಹಾಕಬಹುದು. ಆದರೆ ಒಬ್ಬಟ್ಟಿನ ಕಣಕವನ್ನು, ನಿಪ್ಪಟ್ಟಿನ ಹಿಟ್ಟನ್ನು ಹಸಿಯಾಗಿ ರುಚಿ ನೋಡಿ ತೀರ್ಮಾನಿಸುವುದು ಕಷ್ಟ. ಉಪ್ಪಿನಕಾಯಿಯಲ್ಲಂತೂ ಉಪ್ಪು ರುಚಿಗಿಂತ ಹೆಚ್ಚಾಗಿ ಕೆಡದಂತೆ ಕಾಯುವುದಕ್ಕೆ ಇರುವುದು. ಅಲ್ಲಿ ರುಚಿಗೆ ತಕ್ಕಷ್ಟು ಎಂದು ಬರೆದವರು ಒಂದೋ ಉಪ್ಪಿನಕಾಯಿ ಹಾಕಿದವರಲ್ಲ, ಇಲ್ಲವೇ ಅದರ ಮೇಲೆ ಬೂಷ್ಟು ಬಂದದ್ದನ್ನು ಹೇಳುತ್ತಿಲ್ಲ. ಮೆಣಸಿನಕಾಯಿಯೂ ಹಾಗೆಯೇ. ಹತ್ತು ಒಣಮೆಣಸಿನಕಾಯಿ ಎಂದರೆ ಬ್ಯಾಡಗಿಯಾದರೆ ಬಣ್ಣ ಬರುತ್ತದೆ, ಗುಂಟೂರಾದರೆ ಕಣ್ಣಲ್ಲಿ ನೀರು ಬರುತ್ತದೆ. ಜಾತಿ ಹೇಳದೆ ಎಣಿಕೆ ಮಾತ್ರ ಹೇಳಿದ ವಿಧಾನವನ್ನು ಅರ್ಧ ವಿಧಾನವೆಂದೇ ತಿಳಿಯಬೇಕು.

ಅಂತರ್ಜಾಲದ ಅಡುಗೆಯವರ ಬಗ್ಗೆ ಎರಡು ಮಾತು. ಉಡುಪಿ ಮೂಲದ ಅರ್ಚನಾ ಹೆಬ್ಬಾರ್ ಅವರ ‘ಹೆಬ್ಬಾರ್ಸ್ ಕಿಚನ್’ ಮುಖ ತೋರಿಸದೆ, ಹೆಚ್ಚು ಮಾತಿಲ್ಲದೆ, ಕೈ ಮತ್ತು ಪಾತ್ರೆಗಳಷ್ಟನ್ನೇ ತೋರಿಸಿ ಜನಪ್ರಿಯವಾಯಿತು. ವಿಡಿಯೋದ ಜೊತೆಗೆ ಬರಹದಲ್ಲೂ ಅಳತೆ ಕೊಡುವುದರಿಂದ, ನಾನು ಆಗಲೇ ಹೇಳಿದ ಪುಸ್ತಕದ ಕೊರತೆ, ಟಿವಿಯ ಕೊರತೆ ಎರಡೂ ಅಲ್ಲಿ ತಕ್ಕಮಟ್ಟಿಗೆ ನೀಗುತ್ತವೆ. ಕನ್ನಡದಲ್ಲೇ ಮಾತಾಡುತ್ತ ಮನೆಯ ಅಡುಗೆಯನ್ನು ಮನೆಯಲ್ಲೇ ಮಾಡಿ ತೋರಿಸುವ ಚಾನೆಲುಗಳು ಈಗ ಬಹಳ ಇವೆ. ಅವುಗಳಲ್ಲಿ ನಾನು ಮೊದಲು ಗಮನಿಸುವುದು ಪಾತ್ರೆಯನ್ನು: ಮಾಮೂಲಿ ಬಾಣಲೆ, ಮಾಮೂಲಿ ಮಿಕ್ಸಿ, ಎರಡು ಬರ್ನರಿನ ಒಲೆ ಕಂಡರೆ ಪೂರ್ತಿ ನೋಡುತ್ತೇನೆ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು, ಮೊಮ್ಮಗಳು ಕೆಲಸ ಸಿಕ್ಕಿ ಬೆಳ್ಳಂದೂರಿನ ಕಡೆ ಗೆಳತಿಯರೊಂದಿಗೆ ಮನೆ ಮಾಡಿದ್ದಾಳೆ, ಅವಳಿಗೆ ಯಾವ ಪುಸ್ತಕ ಕೊಡಿಸಲಿ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಅಂಗಡಿಗೆ ಹೋದಾಗ ನಿಮಗೆ ಬಾರದ ಅಡುಗೆಯ ಪುಟವನ್ನು ತೆರೆಯಬೇಡಿ. ನಿಮ್ಮ ಮನೆಯಲ್ಲಿ ದಿನವೂ ಮಾಡುವ ಒಂದು ಪದಾರ್ಥವನ್ನು, ತಿಳಿಸಾರನ್ನೋ ಉಪ್ಪಿಟ್ಟನ್ನೋ, ಆ ಲೇಖಕರು ಹೇಗೆ ಬರೆದಿದ್ದಾರೆ ಎಂದು ನೋಡಿ. ಉಪ್ಪಿಟ್ಟಿಗೆ ರವೆ ಹುರಿಯುವ ಹೊತ್ತು, ನೀರಿನ ಪ್ರಮಾಣ, ಗಂಟಾಗದಂತೆ ಸುರಿಯುವ ಬಗೆ ಮೂರೂ ಅಲ್ಲಿದ್ದರೆ ನಿಮಗೆ ಗೊತ್ತಿಲ್ಲದ ಅಡುಗೆಗಳಲ್ಲೂ ಅವರನ್ನು ನಂಬಬಹುದು. ಇಂಗ್ಲಿಷ್ ಓದುವ ಹುಡುಗಿಯಾದ್ದರಿಂದ ‘ಕುಕ್ ಅಂಡ್ ಸೀ’ಯ ಮೊದಲ ಸಂಪುಟ ಸಾಕು, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದರೆ ಕಡಿಮೆ ಬೆಲೆಗೂ ಸಿಗಬಹುದು. ಹುಳಿಪುಡಿ, ಸಾರಿನಪುಡಿಗಳನ್ನು ಮನೆಯಿಂದಲೇ ಕಳಿಸಿ, ಅದರ ಅಳತೆಯನ್ನು ಡಬ್ಬಿಯ ಮೇಲೆ ಬರೆದು ಅಂಟಿಸಿ. ಕುಕ್ಕರು ಕೊಳ್ಳುವಾಗ ಕೈಪಿಡಿಯನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅವಳ ಮನೆಗೆ ಬರುವುದು ಟ್ಯಾಂಕರ್ ನೀರಂತೆ. ಹಾಗಾದರೆ ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ, ಕುಡಿಯುವ ನೀರಿನಲ್ಲೇ ಬೇಯಿಸಲಿ, ಹುಣಸೆಹಣ್ಣು ಆಮೇಲೆ.